ಘಾಟಿ ಏರುವ ಮುನ್ನ ಪೆಟ್ರೋಲ್ ಪೈಪ್ ನೋಡಿ

ಗೋವಾದ ಮೊಲ್ಲೆಮ್‌ನಿಂದ ಜೋಯಿಡಾ ತಾಲೂಕಿನ ಅನಮೋಡಕ್ಕೆ ಬರುವ ಕಾರಿಗೆ ಘಾಟಿಯುದ್ದಕ್ಕೂ ಏರು. ರಾಷ್ಟ್ರೀಯ ಹೆದ್ದಾರಿ 748ರ ಈ ತಿರುವುಗಳಲ್ಲಿ ತುಂಬಿದ ಲಾರಿಯೊಂದು ಮುಂದೆ ಸಿಕ್ಕರೆ ಮೊದಲ, ಎರಡನೇ ಗೇರಿನಲ್ಲೇ ಸಾಗಬೇಕು. ಎಂಜಿನ್ ಜೋರಾಗಿ ದುಡಿಯುತ್ತದೆ, ಎದುರಿನಿಂದ ಬೀಸುವ ಗಾಳಿ ಸಾಲದು, ಬಾನೆಟ್ಟಿನೊಳಗೆ ಶಾಖ ತುಂಬುತ್ತದೆ. ಹಳೆಯ ಕಾರಿನಲ್ಲಿ ಈ ಶಾಖದಿಂದ ಬೇಗ ಬಳಲುವುದು ಇಂಜೆಕ್ಟರುಗಳ ಕಡೆಗೆ ಪೆಟ್ರೋಲ್ ಒಯ್ಯುವ ರಬ್ಬರ್ ಪೈಪು.

ಮಾರುತಿ 800ಕ್ಕೆ 2000ದ ಹೊತ್ತಿಗೆ ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಎಂಜಿನ್ ಬಂತು. ಆ ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ. ಆ ಕಾಲದ ಕಾರುಗಳು ಇಂದಿಗೂ ನಮ್ಮ ಊರುಗಳಲ್ಲಿ ಓಡುತ್ತಿವೆ. ಟ್ಯಾಂಕಿನಿಂದ ಮುಂದಕ್ಕೆ ಬರುವ ಕೊಳವೆ ಬಹುಪಾಲು ಲೋಹದ್ದು. ಎಂಜಿನ್ ಸದಾ ಅದುರುವುದರಿಂದ ಅದನ್ನು ಸೇರುವಲ್ಲಿ ಮಾತ್ರ ಬಾಗುವ ಪೈಪು ಬೇಕು.

ಹಳೆಯ ಕಾರ್ಬ್ಯುರೇಟರಿಗೆ ಪೆಟ್ರೋಲ್ ಮೆಲ್ಲಗೆ ಹರಿದು ಬಂದರೆ ಸಾಕಿತ್ತು. ಎಂಪಿಎಫ್‌ಐಯಲ್ಲಿ ಒತ್ತಡ ಸುಮಾರು 3 ಬಾರ್, ಎಂದರೆ ಕಾರಿನ ಟಯರಿಗೆ ತುಂಬುವ ಗಾಳಿಗಿಂತಲೂ ಹೆಚ್ಚು. ಪೈಪು ಬಿರಿದರೆ ಪೆಟ್ರೋಲ್ ತೊಟ್ಟಿಕ್ಕುವುದಿಲ್ಲ, ಚಿಮ್ಮುತ್ತದೆ. ಪಕ್ಕದಲ್ಲೇ ಸುಡುವ ಎಕ್ಸಾಸ್ಟ್ ಇರುತ್ತದೆ.

ಎಥನಾಲ್ ಸಂಗತಿಯೂ ಇದೆ. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಕಬ್ಬು ಬೆಳೆಯುವ ರೈತರಿಗೆ ಅದರಿಂದ ಅನುಕೂಲವಿದೆ. ಆದರೆ ಇದಕ್ಕೆಂದು ತಯಾರಾಗದ ಹಳೆಯ ರಬ್ಬರು ಎಥನಾಲ್‌ನಿಂದ ಉಬ್ಬಬಹುದು, ಮೆತ್ತಗಾಗಬಹುದು. ಕೆಲವು ಹಳೆಯ ವಾಹನಗಳಲ್ಲಿ 20ರಿಂದ 30 ಸಾವಿರ ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗಗಳನ್ನು ಬದಲಿಸಬೇಕಾದೀತು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ.

ಸೂಚನೆಗಳು ಮೊದಲೇ ಸಿಗುತ್ತವೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪೆಟ್ರೋಲ್ ವಾಸನೆ, ಕ್ಲಿಪ್ಪಿನ ಬಳಿ ಒದ್ದೆ, ಬಾಗಿಸಿದರೆ ಕಾಣುವ ಸಣ್ಣ ಬಿರುಕು. ಇವುಗಳಲ್ಲಿ ಒಂದು ಕಂಡರೂ ಕಾರನ್ನು ಘಾಟಿಗೆ ಒಯ್ಯಬಾರದು.

ಅಂಗಡಿಯಲ್ಲಿ ಬರೀ ‘ಪೆಟ್ರೋಲ್ ಪೈಪ್’ ಎಂದರೆ ಕಾರ್ಬ್ಯುರೇಟರ್ ಕಾಲದ್ದೇ ಸಿಕ್ಕೀತು. ಕಂಪನಿಯ ಅಸಲಿ ಪೈಪು ಸಿಗದಿದ್ದರೆ, ಅದೇ ಅಳತೆಯ ‘ಎಸ್‌ಎಇ ಜೆ30 ಆರ್9’ ದರ್ಜೆಯದನ್ನು ಕೇಳಬೇಕು. ಆರ್7 ಎಂದು ಬರೆದದ್ದು ಕಡಿಮೆ ಒತ್ತಡದ್ದು, ಇಲ್ಲಿಗೆ ಸಲ್ಲದು. ಕ್ಲಿಪ್ಪುಗಳೂ ಹೊಸವೇ ಇರಲಿ. ಅಂಚು ರಬ್ಬರನ್ನು ಕೊಯ್ಯದಂತೆ ಮಡಚಿದ ಇಂಜೆಕ್ಷನ್ ಕ್ಲಿಪ್ಪೇ ಸರಿ. ಒತ್ತಿ ಕೂರಿಸುವ ಪ್ಲಾಸ್ಟಿಕ್ ಜೋಡಣೆ ಇರುವ ಕಾರಿಗೆ ಕಂಪನಿಯ ಪೈಪೇ ಬೇಕು.

ಈ ಕೆಲಸ ಅನುಭವವಿರುವ ಮೆಕ್ಯಾನಿಕ್ ಮಾಡಿದರೆ ಒಳ್ಳೆಯದು. ಬಯಲು ಜಾಗದಲ್ಲಿ, ಎಂಜಿನ್ ಆರಿದ ಮೇಲೆ, ಬೀಡಿ-ಬೆಂಕಿಯಿಂದ ದೂರ ನಡೆಯಬೇಕು; ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಬೇಕು. ಮೊದಲು ಪಂಪಿನ ಫ್ಯೂಸ್ ಇಲ್ಲವೇ ರಿಲೇ ತೆಗೆದು, ಸ್ಟಾರ್ಟ್ ಮಾಡಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಟ್ಟರೆ ಒತ್ತಡ ಇಳಿಯುತ್ತದೆ. ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಜೋಡಣೆಗೆ ಬಟ್ಟೆ ಸುತ್ತಿ ನಿಧಾನವಾಗಿ ಸಡಿಲಿಸಬೇಕು. ಉಳಿದ ಪೆಟ್ರೋಲ್ ಬಟ್ಟೆಗೆ ಇಳಿಯುತ್ತದೆ. ಹೊಸ ಪೈಪು ಕೂತ ಮೇಲೆ ತೆಗೆದ ಫ್ಯೂಸ್ ಇಲ್ಲವೇ ರಿಲೇ, ಬ್ಯಾಟರಿ ತಂತಿ ಮರಳಿ ಜೋಡಿಸಿ, ಸ್ಟಾರ್ಟ್ ಮಾಡದೆ ಕೀ ಮಾತ್ರ ಎರಡು ಮೂರು ಸಲ ಆನ್ ಮಾಡಿ, ಎಲ್ಲೂ ಒದ್ದೆಯಾಗದ್ದನ್ನು ಖಚಿತಪಡಿಸಿಕೊಳ್ಳಬೇಕು.

ಡೀಸೆಲ್ ಕಾಮನ್ ರೈಲ್ ಕಾರುಗಳ ಮಾತೇ ಬೇರೆ. ಅಲ್ಲಿ ಇಂಜೆಕ್ಟರಿನ ಲೋಹದ ಕೊಳವೆಯಲ್ಲಿ ಒತ್ತಡ ಸಾವಿರ ಬಾರ್ ಮೀರಬಹುದು. ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದರೆ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ.

ತೆಗೆದ ಹಳೆಯ ಪೈಪನ್ನು ಕೂಡಲೇ ಎಸೆಯದೆ ಉದ್ದಕ್ಕೆ ಸೀಳಿ ನೋಡಬೇಕು. ಒಳಪದರ ಚೂರುಚೂರಾಗಿ ಏಳುತ್ತಿದ್ದರೆ ಆ ಚೂರುಗಳು ಇಂಜೆಕ್ಟರಿನ ಜಾಲರಿಯಲ್ಲಿ ಸಿಕ್ಕಿರಬಹುದು. ಅದನ್ನೂ ಅದೇ ದಿನ ತೋರಿಸಿಕೊಳ್ಳುವುದು ಲೇಸು.