ಕರಿಬೇವಿನ ಹಸುರೂ ಪರಿಮಳವೂ

ಊರಿನ ಕರಿಬೇವಿನ ಘಮ ಮುಂಬಯಿಯ ಕುಂಡದ ಗಿಡಕ್ಕಿಲ್ಲವೆಂಬ ಕೊರಗು ನಮ್ಮವರಲ್ಲಿ ಉಂಟು. ಅದಕ್ಕೆ ಮದ್ದೆಂದು ಸೂಕ್ಷ್ಮ ಪೋಷಕಾಂಶಗಳ ಗೊಬ್ಬರವನ್ನು ಸುರಿಯುವವರೂ ಉಂಟು. ಅದರಿಂದ ಆಗುವುದೇನು, ಆಗದಿರುವುದೇನು ಎಂಬುದನ್ನು ವಿವೇಚಿಸಬೇಕು.

ಎಳೆಯೆಲೆ ಹಳದಿಗಟ್ಟಿ ನರಗಳು ಮಾತ್ರ ಹಸುರಾಗಿ ಉಳಿದರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಕುಂಡಕ್ಕೆ ಸೇರಿದ ಸಿಮೆಂಟು, ಸುಣ್ಣದ ಚೂರುಗಳಿಂದ ಮಣ್ಣು ಕ್ಷಾರೀಯವಾದಾಗ ಅದು ಬೇರಿಗೆ ದಕ್ಕದ ರೂಪವನ್ನು ತಾಳುತ್ತದೆ. ಮನೆಯ ಹಿರಿಯರು ಬುಡಕ್ಕೆ ಹುಳಿಮಜ್ಜಿಗೆ ಎರೆಯುವುದು ಬರಿಯ ಮೂಢನಂಬಿಕೆಯಲ್ಲ. ಆಮ್ಲವು ಆ ಕಟ್ಟನ್ನು ತುಸು ಸಡಿಲಿಸುತ್ತದೆ. ಬೇಗನೆ ಫಲ ಬೇಕಾದವರು ಒಂದು ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನೂ 1 ಗ್ರಾಂ ಸಿಟ್ರಿಕ್ ಆಮ್ಲವನ್ನೂ ಬೆರೆಸಿ ಸಂಜೆ ಎಲೆಗಳಿಗೆ ಸಿಂಪಡಿಸಬಹುದು.

ಹಸುರು ಮರಳಿದೊಡನೆ ಪರಿಮಳವೂ ಮರಳಿತೆಂದು ತಿಳಿಯಲಾಗದು. ಕಬ್ಬಿಣ ಬೇಕಾಗುವುದು ಪತ್ರಹರಿತ್ತಿನ ರಚನೆಗೆ. ಪರಿಮಳವಾದರೋ ಕ್ಯಾರಿಯೊಫಿಲೀನ್, ಪೈನೀನ್ ಮೊದಲಾದ ಟರ್ಪೀನುಗಳದು. ಅವನ್ನು ಕಟ್ಟುವ ಕಿಣ್ವಗಳಿಗೆ ಮೆಗ್ನೀಸಿಯಮ್ ಅಥವಾ ಮ್ಯಾಂಗನೀಸ್ ಬೇಕೆಂಬುದು ನಿಜ. ಆದರೆ ಕೊರತೆಯಿಲ್ಲದ ಗಿಡಕ್ಕೆ ಇವನ್ನು ಇನ್ನಷ್ಟು ಉಣಿಸಿದರೆ ಗಂಧ ಹೆಚ್ಚುವುದೆಂದೇನೂ ಇಲ್ಲ. ಮೊದಲ ಮಾತು ತಳಿಯದು. ಧಾರವಾಡದಲ್ಲಿ ಆಯ್ದ ಡಿಡಬ್ಲ್ಯುಡಿ-1, ಡಿಡಬ್ಲ್ಯುಡಿ-2 ತಳಿಗಳು ಪರಿಮಳಕ್ಕೆ ಹೆಸರಾಗಿವೆ. ಆದುದರಿಂದ ಗೊಬ್ಬರದ ಪೊಟ್ಟಣಕ್ಕಿಂತ ಮೊದಲು ಸಸಿಯ ಮೂಲವನ್ನು ವಿಚಾರಿಸುವುದು ಲೇಸು. ಅನ್ನಭೇದಿ ಮಿತಿಮೀರಿದರಂತೂ ಎಲೆ ಸುಟ್ಟು ಕಪ್ಪಾಗುತ್ತದೆ.