ಕರಿಯ ತುಡುವೆಗೊಂದು ಹೆಸರು

ನಮ್ಮ ಜಗಳೂರು ಮಳೆ ಕಡಿಮೆಯಾದ ಸೀಮೆ. ಆದರೂ ಜೇನಿಗೆ ಇಲ್ಲಿ ಬರವಿಲ್ಲ. ಜಾಲಿಯ ಪೊದೆಯಲ್ಲಿ ಕೋಲುಜೇನು, ರಂಗಯ್ಯನದುರ್ಗದ ಕಡೆಯ ಬಂಡೆಗಳಲ್ಲಿ ಹೆಜ್ಜೇನು, ಹುತ್ತದಲ್ಲೋ ಮರದ ಪೊಟರೆಯಲ್ಲೋ ತುಡುವೆ, ಗೋಡೆಯ ಸಂದಿನಲ್ಲಿ ಕುಟುಕಲಾರದ ನಸರಿ. ಈ ನಾಲ್ಕನ್ನೂ ಬಲ್ಲವನಾದ್ದರಿಂದ ಜೇನಿನ ವಿಷಯದಲ್ಲಿ ನಾನೊಬ್ಬ ಪಂಡಿತನೆಂದೇ ಭಾವಿಸಿದ್ದೆ. ಕಳೆದ ಬೇಸಿಗೆಯ ರಜೆಯಲ್ಲಿ ತೀರ್ಥಹಳ್ಳಿಯ ಬಳಿಯಿರುವ ಅಕ್ಕನ ಮನೆಗೆ ಹೋದಾಗ ಆ ಪಾಂಡಿತ್ಯ ಕರಗಿಹೋಯಿತು.

ಭಾವ ಜೇನುಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗಿನ ಹುಳುಗಳೆಲ್ಲ ಕಪ್ಪು.

"ಇದು ತುಡುವೆಯಲ್ಲ, ಭಾವ" ಎಂದೆ.

"ನಿಮ್ಮ ಬಯಲುಸೀಮೆಯದು ಹಳದಿ, ನಮ್ಮ ಘಟ್ಟದ್ದು ಕರಿ. ಎರಡೂ ತುಡುವೆಯೇ ಮಾರಾಯ" ಎಂದು ಅವರು ನಕ್ಕರು.

ಎರಡೂ ಒಂದೇ ಆದರೆ ಬಣ್ಣವೇಕೆ ಬೇರೆ? ಬೇರೆಯಾದರೆ ಹೆಸರೇಕೆ ಒಂದೇ? ಊರಿಗೆ ಮರಳಿದರೂ ಪ್ರಶ್ನೆ ಬೆನ್ನು ಬಿಡಲಿಲ್ಲ. ಇತಿಹಾಸದ ವಿದ್ಯಾರ್ಥಿಯಾದ ನಾನು ಪ್ರಾಣಿಶಾಸ್ತ್ರದ ಹಿತ್ತಿಲನ್ನು ಹೊಕ್ಕದ್ದು ಹೀಗೆ. ತಪ್ಪು ಕಂಡಲ್ಲಿ ಅಧ್ಯಾಪಕರು ತಿದ್ದಬೇಕು.

ಪ್ರಾಣಿಗಳ ಶಾಸ್ತ್ರೀಯ ಹೆಸರುಗಳ ಲೆಕ್ಕ ಸ್ವೀಡನ್ನಿನ ಲಿನೇಯಸನ 1758ರ ಗ್ರಂಥದಿಂದ ಆರಂಭವಾಗುತ್ತದೆ. ಅವನ ಶಿಷ್ಯ, ಡೆನ್ಮಾರ್ಕಿನ ಫ್ಯಾಬ್ರೀಷಿಯಸ್, 1793ರಲ್ಲಿ 'ಎಪಿಸ್ ಸೆರಾನ' ಎಂದೂ 1798ರಲ್ಲಿ 'ಎಪಿಸ್ ಇಂಡಿಕ' ಎಂದೂ ಎರಡು ಜೇನುಗಳಿಗೆ ಹೆಸರಿಟ್ಟ. ಮುಂದಿನವರು ಎರಡನೆಯದನ್ನು ಮೊದಲನೆಯದರ ಉಪಜಾತಿಯೆಂದು ಅದರೊಳಗೇ ಸೇರಿಸಿಬಿಟ್ಟರು. ಭಾವನ ಕರಿಯದೂ ನಮ್ಮ ಹಳದಿಯದೂ ಹೀಗೆ ಪುಸ್ತಕದಲ್ಲಿ ಒಂದೇ ಮನೆಯವಾದವು.

ಹುಳುವನ್ನು ಹಿಡಿದು "ಇದು ಹೊಸದು" ಎಂದು ಸಾರಿದರೆ ಶಾಸ್ತ್ರ ಒಪ್ಪುವುದಿಲ್ಲ. ಈ ಹಿಂದೆ ವರ್ಣಿಸಿದ ಸಮೀಪದ ಜಾತಿಗಳೊಡನೆಲ್ಲ ಹೋಲಿಸಿ ನೋಡಬೇಕು. ಒಂದು ಹುಳುವನ್ನು ಆರಿಸಿ, ಸೂಜಿಗೆ ಚುಚ್ಚಿ, ಹಿಡಿದ ಸ್ಥಳ, ದಿನ, ಹಿಡಿದವರ ಹೆಸರುಗಳ ಚೀಟಿ ಕಟ್ಟಿ ಸಂಗ್ರಹಾಲಯದಲ್ಲಿಡಬೇಕು. ಇದಕ್ಕೆ ಹೋಲೋಟೈಪ್ ಎನ್ನುತ್ತಾರೆ. ಜಮೀನಿನ ತಂಟೆ ಬಂದಾಗ ಕಚೇರಿಯ ಮೂಲ ದಾಖಲೆಯನ್ನು ತೆಗೆಸುವುದಿಲ್ಲವೆ? ಹಾಗೆ ನೂರು ವರ್ಷಗಳ ತರುವಾಯ ಹೆಸರಿನ ತಂಟೆ ಬಂದರೂ ಆ ಒಣಗಿದ ಹುಳುವೇ ಸಾಕ್ಷಿ ಹೇಳಬೇಕು.

ಬಣ್ಣವೊಂದನ್ನೇ ನಂಬುವಂತಿಲ್ಲ. ಮರಿ ಬೆಳೆಯುವಾಗ ಚಳಿ ಹೆಚ್ಚಿದ್ದರೆ ಒಂದೇ ಜಾತಿಯ ಹುಳುವೂ ಕಪ್ಪೇರುತ್ತದೆ. ಆದಕಾರಣ ಮುಂದಿನ ರೆಕ್ಕೆಯ ನರಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು, ಒಂದರ ಉದ್ದಕ್ಕೂ ಇನ್ನೊಂದರ ಉದ್ದಕ್ಕೂ ಇರುವ ಪ್ರಮಾಣವನ್ನು ಲೆಕ್ಕಹಾಕುತ್ತಾರೆ. ಗಂಡುಜೇನಿನ ಜನನಾಂಗವನ್ನು ಪರೀಕ್ಷಿಸುತ್ತಾರೆ. ಈಗ ವಂಶವಾಹಿಗಳನ್ನೂ ಓದುತ್ತಾರೆ. ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇದು: ಎರಡೂ ಒಂದೇ ಸೀಮೆಯಲ್ಲಿದ್ದಾಗ ಕೂಡುತ್ತವೆಯೋ, ಇಲ್ಲವೋ?

ದಕ್ಷಿಣ ಭಾರತದ ಕರಿ ಮತ್ತು ಹಳದಿ ತುಡುವೆಗಳ ಸಂತಾನ ಬೆರೆಯದೆ ಪ್ರತ್ಯೇಕವಾಗಿ ಉಳಿದಿರುವುದಕ್ಕೆ 2006ರಲ್ಲಿ ಆಸ್ಟ್ರೇಲಿಯದ ಓಲ್ಡ್‌ರಾಯ್ಡ್, ಬೆಂಗಳೂರಿನ ರೆಡ್ಡಿ ಮೊದಲಾದವರು ಸಾಕ್ಷ್ಯಗಳನ್ನು ಪ್ರಕಟಿಸಿದರು. 2010ರಲ್ಲಿ ಇನ್ನೊಂದು ತಂಡ ವಂಶವಾಹಿಗಳ ಆಧಾರದಿಂದ ಬಯಲಿನ ಹಳದಿ ಜೇನಿಗೆ 'ಎಪಿಸ್ ಇಂಡಿಕ' ಎಂಬ ಹಳೆಯ ಹೆಸರು ಮರಳಿ ಸಲ್ಲಬೇಕೆಂದಿತು. ಹಾಗಾದರೆ ಕರಿಯದು ಯಾವುದು? 2022ರಲ್ಲಿ ಕೇರಳದ ಶಾನಸ್ ಮತ್ತು ಸಂಗಡಿಗರು 'ಎಂಟೊಮಾನ್' ಪತ್ರಿಕೆಯಲ್ಲಿ ಪಶ್ಚಿಮಘಟ್ಟದ ಕಪ್ಪು ಜೇನನ್ನು 'ಎಪಿಸ್ ಕರಿಂಜೋಡಿಯನ್' ಎಂಬ ಹೊಸ ಜಾತಿಯಾಗಿ ವರ್ಣಿಸಿದರು. ಗೋವೆಯಿಂದ ಕರ್ನಾಟಕ, ಕೇರಳ, ತಮಿಳುನಾಡಿನ ಕೆಲವು ಭಾಗದವರೆಗೆ ಅದರ ವಾಸವೆಂದು ಹೇಳಿದ್ದಾರೆ. ಫ್ಯಾಬ್ರೀಷಿಯಸನ ಇಂಡಿಕದಿಂದ ಇದಕ್ಕೆ 224 ವರ್ಷ! ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ತುಡುವೆಗಳೆಲ್ಲ ಸೆರಾನವೇ ಎನ್ನುವವರು ಇಂದೂ ಇದ್ದಾರೆ. ಘಟ್ಟದ ಜೇನುಸಾಕಣೆಯವರಿಗೆ ಮಾತ್ರ ಕರಿಯದು ಬೇರೆ ಎಂಬುದು ಬಹು ಹಿಂದಿನಿಂದಲೂ ಗೊತ್ತಿದ್ದ ಸಂಗತಿ.

ಇದು ಬರಿಯ ಹೆಸರಿನ ಜಗಳವೆಂದು ನಾನು ತಿಳಿಯಲಾರೆ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿಗಳ ರೋಗ ದಕ್ಷಿಣ ಭಾರತಕ್ಕೆ ತಗುಲಿ ತುಡುವೆಯ ಪೆಟ್ಟಿಗೆಗಳು ಬರಿದಾದವು. ಭಾವನ ತಂದೆಯವರ ಅಂಗಳದಲ್ಲಿ ಒಂದೂ ಉಳಿಯಲಿಲ್ಲವಂತೆ. ಆಮೇಲೆ ಬೇರೆ ಕಡೆಯಿಂದ ಕುಟುಂಬಗಳನ್ನು ತಂದು ಇಟ್ಟರು. ತಂದದ್ದು ಕರಿಯೋ ಹಳದಿಯೋ ಎಂದು ಆಗ ಯಾರೂ ಬರೆದಿಡಲಿಲ್ಲ. ಎರಡಕ್ಕೂ ಹೆಸರು ಒಂದೇ ಇದ್ದಾಗ ಬರೆಯುವುದಾದರೂ ಏನನ್ನು?

ನಮ್ಮ ಹೊಲದ ಬದುವಿನ ಹುತ್ತದ ಬಳಿ ಸತ್ತು ಬಿದ್ದಿದ್ದ ಹಳದಿ ತುಡುವೆಯೊಂದನ್ನೂ, ಅಕ್ಕ ಬೆಂಕಿಪೊಟ್ಟಣದಲ್ಲಿಟ್ಟು ಕಳುಹಿಸಿದ ಕರಿಯದೊಂದನ್ನೂ ಕೈಮಸೂರದ ಕೆಳಗಿಟ್ಟು ನೋಡಿದೆ. ನರಗಳು ಕಂಡವು, ಅಳೆಯಲು ನನ್ನ ಅಳತೆಪಟ್ಟಿ ಸಾಲದಾಯಿತು. ಭಾವನಿಗೆ ಫೋನಿನಲ್ಲಿ ಹೇಳಿದೆ.

"ಗಂಡುಹುಳ ಬೇಕೋ?" ಎಂದರು.

ಬೇಕು ಎಂದೆ. ಮುಂದಿನ ರಜೆಯ ವೇಳೆಗೆ ಎತ್ತಿಡುತ್ತಾರಂತೆ.