ಮಣ್ಣಿನಡಿಯ ಸೋರಿಕೆಯ ಜಾಡು

ಮೂರು ಮಿಲಿಮೀಟರ್ ಅಗಲದ ಒಂದು ತೂತು. ಕಡಲೆಕಾಳು ತೂರದಷ್ಟು ಸಣ್ಣದು. ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ 20 ಮೀಟರ್ ಕೆಳಗೆ, ಮಣ್ಣಿನಡಿಯ ಪೈಪಿನಲ್ಲಿ ಅದು ಬಿದ್ದಿದೆ ಎಂದುಕೊಳ್ಳಿ. ಆ ಒತ್ತಡಕ್ಕೆ ನೀರು ಸೆಕೆಂಡಿಗೆ ಹೆಚ್ಚೂಕಡಿಮೆ 20 ಮೀಟರ್ ವೇಗದಲ್ಲಿ ಹೊರಕ್ಕೆ ಚಿಮ್ಮುತ್ತದೆ. ಗಂಟೆಗೆ 300 ಲೀಟರ್. ಪೈಪು ದಿನವಿಡೀ ತುಂಬಿದ್ದರೆ 7,000 ಲೀಟರಿಗೂ ಮೇಲೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದೆ. ಆ ಲೆಕ್ಕ ಹಿಡಿದರೆ 130 ಜನರ ಪಾಲಿನ ನೀರು ದಿನಾ ಆ ತೂತಿನ ಪಾಲು.

ಪೈಪು ಒಡೆದು ರಸ್ತೆಯ ಮೇಲೆ ನೀರು ಹರಿದರೆ ಊರೆಲ್ಲ ಬಂದು ನಿಲ್ಲುತ್ತದೆ, ಸಂಜೆಯೊಳಗೆ ಯಾರಾದರೂ ರಿಪೇರಿ ಮಾಡುತ್ತಾರೆ. ಸೆಕೆಂಡಿಗೆ 5 ಲೀಟರಿನಂತೆ 6 ಗಂಟೆ ಹರಿದರೂ ಹೋಗುವುದು ಒಂದು ಲಕ್ಷ ಲೀಟರ್ ಚಿಲ್ಲರೆ. ಕಣ್ಣಿಗೆ ಬೀಳದ ಸಣ್ಣ ತೂತು 5 ತಿಂಗಳು ಹಾಗೇ ಉಳಿದರೆ ಹತ್ತಿರ ಹತ್ತಿರ 11 ಲಕ್ಷ. ಹೆಚ್ಚು ನೀರು ಕಳೆಯುವುದು ಯಾರೂ ದೂರು ಕೊಡದ ಸೋರಿಕೆಯಲ್ಲೇ. ಅದನ್ನು ಹುಡುಕುವ ವಿದ್ಯೆ ನಮ್ಮ ಊರುಗಳಿಗೆ ಬೋರ್‌ವೆಲ್ ಕೊರೆಯುವ ವಿದ್ಯೆಯಷ್ಟೇ ಮುಖ್ಯ ಎಂದು ನಾನು ನಂಬುತ್ತೇನೆ.

ರಾಯದುರ್ಗ, ಮಡಕಶಿರದ ಕಡೆಯಂತೂ ಇನ್ನೂ ಮುಖ್ಯ. ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ ಅದು. ಬೋರ್‌ವೆಲ್ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಎಂಬ ಕೊನೆಯ ಮಿತಿಯನ್ನೂ ದಾಟಿರುತ್ತದೆ. ಹಾಗಾಗಿ ನದಿಯ ನೀರನ್ನು ದೂರದಿಂದ ತರಬೇಕಾಯಿತು. ಹೊಸಪೇಟೆಯ ತುಂಗಭದ್ರಾ ಜಲಾಶಯದಿಂದ ಮೇಲ್ಮಟ್ಟದ ಕಾಲುವೆಯಲ್ಲಿ ಬಳ್ಳಾರಿ ಸೀಮೆ ದಾಟುವ ನೀರು ಉರವಕೊಂಡದ ಕಡೆಯ ಪೆನ್ನಾ ಅಹೋಬಿಲಂ ಜಲಾಶಯ ಸೇರುತ್ತದೆ. ಅಲ್ಲಿಂದ ಮುಂದೆ ಪೈಪಿನ ಪಯಣ. 1995ರ ನವೆಂಬರಿನಲ್ಲಿ ಉದ್ಘಾಟನೆಯಾದ ಶ್ರೀ ಸತ್ಯಸಾಯಿ ಕುಡಿಯುವ ನೀರಿನ ಯೋಜನೆ ಆಗಿನ ಅನಂತಪುರ ಜಿಲ್ಲೆಯ 700ಕ್ಕೂ ಹೆಚ್ಚು ಊರುಗಳಿಗಾಗಿ ಹಾಕಿದ್ದು. ಶ್ರೀರಾಮರೆಡ್ಡಿ ಯೋಜನೆಯ ಪೈಪುಗಳು ಪೆನ್ನಾ ಅಹೋಬಿಲಂ ನೀರನ್ನು ದಕ್ಷಿಣಕ್ಕೆ ಮಡಕಶಿರದವರೆಗೂ ಒಯ್ಯುತ್ತವೆ. ಇವುಗಳ ತುದಿಯಲ್ಲಿ ಊರೊಳಗಿನ ಪೈಪುಗಳಿವೆ: ಪಂಚಾಯಿತಿ ಕಾಲದ ಜಿ.ಐ., ಆಮೇಲಿನ ಪಿ.ವಿ.ಸಿ., ಮೊನ್ನೆ ಮೊನ್ನೆ ಹಾಕಿದ ಎಚ್.ಡಿ.ಪಿ.ಇ. ಒಂದಕ್ಕೊಂದು ಜೋಡಿಸಿದ ಕಡೆಯೆಲ್ಲ ಒಂದೊಂದು ಜಾಯಿಂಟು, ಮನೆಮನೆಗೂ ನಲ್ಲಿ ಕೊಟ್ಟ ಕಡೆಯೆಲ್ಲ ಒಂದೊಂದು ತೂತು. ಸೋರಿಕೆ ಹುಟ್ಟುವುದು ಹೆಚ್ಚಾಗಿ ಅಲ್ಲೇ.

ಸೋರಿದ ನೀರು ಮೇಲೆ ಬಂದರೆ ಕೆಲಸ ಸುಲಭ. ಎರೆ ಭೂಮಿಯಲ್ಲಿ ಒಮ್ಮೊಮ್ಮೆ ಬರುತ್ತದೆ. ಗರಸು ಕೆಮ್ಮಣ್ಣಿನಲ್ಲಿ ಅದು ಬಿರುಕುಬಿಟ್ಟ ಕಲ್ಲಿನ ಸಂದಿಗೆ ಇಳಿದು ಹೋಗುತ್ತದೆ. ಬೊಮ್ಮನಹಾಳ್, ಕಣೇಕಲ್ಲಿನ ಕಡೆ ಹಗರಿ ನದಿಯ ಮರಳು ಗಾಳಿಗೆ ಹಾರಿ ದಿಬ್ಬ ಕಟ್ಟಿರುವಲ್ಲಿ ಎಷ್ಟು ಸೋರಿದರೂ ನೆಲ ಒದ್ದೆಯಾಗುವುದಿಲ್ಲ. ಮೇಲೆ ಬಂದರೂ ತೂತಿನ ನೆತ್ತಿಯಲ್ಲೇ ಬರಬೇಕೆಂದಿಲ್ಲ. ಪೈಪು ಹಾಕಲು ತೋಡಿದ ಕಾಲುವೆಯ ಸಡಿಲ ಮಣ್ಣಿನಲ್ಲಿ ಇಳಿಜಾರು ಹಿಡಿದು ಹರಿದು, ನಾಲ್ಕಾರು ಮನೆ ಆಚೆ ಚರಂಡಿಯ ಪಕ್ಕ ಕಾಣಿಸಿಕೊಳ್ಳುತ್ತದೆ. ಒದ್ದೆ ಕಂಡಲ್ಲಿ ಅಗೆಯುವುದು ದೊಡ್ಡ ದಂಡ.

ಮೊದಲು ಕೇಳಬೇಕಾದ್ದು, ಇದು ಯಾವ ನೀರು ಎಂದು. ಕಡಲಿಗೆ ಹೋಗುವ ಹಳೆಯ ಬೋಟಿನ ತಳದಲ್ಲಿ ನೀರು ನಿಂತರೆ ಬೋಟಿನವರು ಬೆರಳದ್ದಿ ನಾಲಿಗೆಗೆ ಮುಟ್ಟಿಸುತ್ತಾರೆ. ಉಪ್ಪಾದರೆ ಬೋಟಿನ ಮೈಯಲ್ಲೇ ಬಿರುಕು. ಸಿಹಿಯಾದರೆ ಕುಡಿಯುವ ನೀರಿನ ಟ್ಯಾಂಕೋ ಪೈಪೋ ಸೋರುತ್ತಿದೆ. ನಮ್ಮ ಬಯಲುಸೀಮೆಯಲ್ಲಿ ನಾಲಿಗೆಯ ಬದಲು ಟಿ.ಡಿ.ಎಸ್. ಮೀಟರ್ ಸಾಕು. ನದಿಯ ನೀರಿನಲ್ಲಿ ಕರಗಿದ ಲವಣ ಕಡಿಮೆ, ಇಲ್ಲಿನ ಬೋರ್‌ವೆಲ್ ನೀರಿನಲ್ಲಿ ಹೆಚ್ಚು. ಚರಂಡಿ ಪಕ್ಕದ ಒದ್ದೆಯ ನೀರು ಮೀಟರಿನಲ್ಲಿ ನದಿ ನೀರಿನ ಹತ್ತಿರ ಬಂದರೆ ಅದು ಪೈಪಿನದೇ. ಹೆಚ್ಚು ತೋರಿಸಿದರೆ ಮಾತ್ರ ತೀರ್ಮಾನಕ್ಕೆ ಬರಬಾರದು, ಮಣ್ಣಿನ ಲವಣ ಬೆರೆತಿರಬಹುದು. ಕ್ಲೋರಿನ್ ಪರೀಕ್ಷೆಯೂ ಹೀಗೆಯೇ: ಡಿ.ಪಿ.ಡಿ. ಮಾತ್ರೆ ಹಾಕಿದಾಗ ಗುಲಾಬಿ ಬಣ್ಣ ಬಂದರೆ ಪೈಪಿನ ನೀರು. ಬರದಿದ್ದರೆ, ಮಣ್ಣಿನಲ್ಲಿ ಹರಿಯುವಾಗ ಕ್ಲೋರಿನ್ ಕಳೆದುಹೋಗಿರಲೂಬಹುದು.

ಒದ್ದೆಯೇ ಇಲ್ಲದಿದ್ದರೆ ಅಳತೆಯೇ ಗತಿ. ಬೋಟಿನಲ್ಲಿ ಯಾವ ನಲ್ಲಿಯನ್ನೂ ತೆರೆಯದಿರುವಾಗ ನೀರಿನ ಪಂಪು ತಾನಾಗಿ ಗುರ್ರೆಂದರೆ ಎಲ್ಲೋ ಸೋರಿ ಒತ್ತಡ ಇಳಿದಿದೆ ಎಂದರ್ಥ. ಊರಿನ ಟ್ಯಾಂಕಿಗೂ ಇದೇ ತರ್ಕ. ಒಂದು ಗಂಟೆ ಊರಿನ ನಲ್ಲಿಗಳನ್ನೆಲ್ಲ ಕಟ್ಟಿಸಿ, ಟ್ಯಾಂಕಿಗೆ ನೀರೇರಿಸುವುದನ್ನೂ ನಿಲ್ಲಿಸಿ, ಗುರುತು ಹಾಕಿದ ಕೋಲು ಇಳಿಸಿ ಮಟ್ಟ ನೋಡಬೇಕು. 6 ಮೀಟರ್ ಅಡ್ಡಗಲದ ದುಂಡು ಟ್ಯಾಂಕಿನಲ್ಲಿ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ 283 ಲೀಟರ್ ಹೋಗಿದೆ. ಮೇಲೆ ಹೇಳಿದ ತೂತು ಗಂಟೆಗೆ ಕಳೆಯುವುದೂ ಹೆಚ್ಚೂಕಡಿಮೆ ಅಷ್ಟೇ. ಆಮೇಲೆ ಬೀದಿ ಬೀದಿಯ ವಾಲ್ವನ್ನು ಒಂದೊಂದಾಗಿ ಮುಚ್ಚುತ್ತ ಬಂದರೆ, ಯಾವ ವಾಲ್ವ್ ಮುಚ್ಚಿದಾಗ ಇಳಿತ ನಿಂತಿತೋ ಆ ಬೀದಿಯಲ್ಲಿ ತೂತು. ಖರ್ಚು ಏನೂ ಇಲ್ಲ, ಊರಿನವರ ಸಹನೆ ಬೇಕು.

ಬೀದಿ ಸಿಕ್ಕ ಮೇಲೆ ಕಿವಿಯ ಕೆಲಸ. ಹಿಂದೆ ಕೆರೆಯ ತೂಬು ತೆಗೆದು ಮುಚ್ಚುತ್ತಿದ್ದ ನೀರುಗಂಟಿಯ ಜಾಗದಲ್ಲಿ ಈಗ ವಾಲ್ವ್ ತಿರುಗಿಸುವ ವಾಟರ್‌ಮ್ಯಾನ್ ಇದ್ದಾರೆ. ನಸುಕಿನಲ್ಲಿ, ಆಟೋ, ಹಿಟ್ಟಿನ ಗಿರಣಿ ಯಾವುದೂ ಶುರುವಾಗದ ಹೊತ್ತಿನಲ್ಲಿ, ಉದ್ದನೆಯ ಕಬ್ಬಿಣದ ಸರಳಿನ ಒಂದು ತುದಿಯನ್ನು ವಾಲ್ವಿನ ಮೈಗೆ ಊರಿ, ಇನ್ನೊಂದು ತುದಿಗೆ ಕಿವಿಯ ಮುಂದಿನ ಎಲುಬನ್ನು ಒತ್ತಿದರೆ ಸಾಕು. ಸೋರುತ್ತಿದ್ದರೆ ಒಂದೇ ಸಮನೆ ಸುಯ್ ಎನ್ನುವ ಸದ್ದು ಬರುತ್ತದೆ. ನಲ್ಲಿಯ ಸದ್ದು ಬಂದು ಹೋಗುತ್ತದೆ, ಸೋರಿಕೆಯದು ನಿಲ್ಲುವುದಿಲ್ಲ. ಹೀಗೆ ವಾಲ್ವ್‌ನಿಂದ ವಾಲ್ವ್‌ಗೆ ನಡೆಯುತ್ತ ಎಲ್ಲಿ ಜೋರಾಯಿತೋ ಅದರ ಆಸುಪಾಸು ಹುಡುಕಬೇಕು. 1955ರ ಸುಮಾರಿಗೆ ಶೇ 20ರಷ್ಟು ನೀರನ್ನು ಸೋರಿಕೆಯಲ್ಲೇ ಕಳೆಯುತ್ತಿದ್ದ ಟೋಕಿಯೋ ನಗರ ಅದನ್ನು ಶೇ 3ರ ಆಸುಪಾಸಿಗೆ ಇಳಿಸಿದೆ. ರಾತ್ರಿ ಹೊತ್ತು ಇಂಥದೇ ಕೋಲು ಹಿಡಿದು ಆಲಿಸುವ ನುರಿತ ಕೆಲಸಗಾರರೂ ಅದಕ್ಕೆ ಕಾರಣ.

ಸದ್ದು ಜೋರಾಗಿದ್ದರೆ ತೂತು ದೊಡ್ಡದು ಎಂದು ನಮಗೆ ಅನ್ನಿಸುವುದು ಸಹಜ. ಆದರೆ ಒತ್ತಡ ಚೆನ್ನಾಗಿರುವ ಸಣ್ಣ ತೂತು ಕಿರುಚುತ್ತದೆ. ಒತ್ತಡ ಕಳೆದುಕೊಂಡ ದೊಡ್ಡ ಬಿರುಕಿನಿಂದ ನೀರು ಸದ್ದಿಲ್ಲದೆ ಸುರಿಯುತ್ತದೆ. ಪೈಪಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಕಬ್ಬಿಣದಲ್ಲಿ ಸೋರಿಕೆಯ ಸದ್ದು ನೂರಾರು ಮೀಟರ್ ಸಾಗಬಲ್ಲದು. ಪ್ಲಾಸ್ಟಿಕ್ಕಿನ ಮೆದು ಗೋಡೆ ಅದನ್ನು ನುಂಗುತ್ತದೆ. ಹತ್ತಾರು ಮೀಟರಿನೊಳಗೆ ಕ್ಷೀಣವಾಗಿ, ಉಳಿಯುವುದೂ ಕಿವಿಗೆ ಸರಿಯಾಗಿ ಹತ್ತದ ತಗ್ಗು ದನಿ.

ಆಗ ಬೇಕಾದ ಯಂತ್ರ ಕೋರಿಲೇಟರ್. ಎರಡು ವಾಲ್ವ್‌ಗಳಿಗೆ ಒಂದೊಂದು ಸೆನ್ಸರ್ ಅಂಟಿಸಿ, ಒಂದೇ ಸದ್ದು ಎರಡಕ್ಕೂ ಎಷ್ಟು ಹೊತ್ತಿನ ಅಂತರದಲ್ಲಿ ಮುಟ್ಟಿತು ಎಂದು ಅದು ಹೋಲಿಸಿ ನೋಡುತ್ತದೆ. ಸೆನ್ಸರುಗಳ ನಡುವೆ 200 ಮೀಟರ್ ಇದೆ, ಪೈಪು ಕಬ್ಬಿಣದ್ದು, ಅದರಲ್ಲಿ ಸದ್ದಿನ ವೇಗ ಸೆಕೆಂಡಿಗೆ 1,200 ಮೀಟರ್, ಅಂತರ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಎನ್ನೋಣ. ಅಷ್ಟು ಹೊತ್ತಿನಲ್ಲಿ ಸದ್ದು 60 ಮೀಟರ್ ಓಡುತ್ತದೆ. 200ರಲ್ಲಿ 60 ಕಳೆದು ಅರ್ಧ ಮಾಡಿದರೆ 70. ಸದ್ದು ಮೊದಲು ಮುಟ್ಟಿದ ಸೆನ್ಸರಿನಿಂದ 70 ಮೀಟರಿಗೆ ತೂತು. ಆದರೆ ಆ ಪೈಪು ನಿಜಕ್ಕೂ ಪಿ.ವಿ.ಸಿ. ಆಗಿದ್ದರೆ? ಅದರಲ್ಲಿ ಸದ್ದಿನ ವೇಗ ಸೆಕೆಂಡಿಗೆ 450 ಮೀಟರ್ ಆಸುಪಾಸು. ಉತ್ತರ 89 ಮೀಟರ್ ಆಗುತ್ತದೆ. ನೆಲದಡಿ ಯಾವ ಪೈಪಿದೆ ಎಂಬುದೊಂದು ತಪ್ಪಾದರೆ ಗುಂಡಿ 19 ಮೀಟರ್ ಆಚೆ ಬೀಳುತ್ತದೆ.

ಇದಕ್ಕೂ ಬಗ್ಗದ ಇನ್ನೊಂದು ತೊಡಕಿದೆ. ಹಲವು ಹಳ್ಳಿಗಳಲ್ಲಿ ನೀರು ಬಿಡುವುದು ದಿನಕ್ಕೆ ಒಂದೆರಡು ಗಂಟೆ, ಕೆಲವೆಡೆ ದಿನ ಬಿಟ್ಟು ದಿನ. ಉಳಿದ ಹೊತ್ತು ಪೈಪು ಖಾಲಿ. ಸದ್ದೂ ಇಲ್ಲ, ಅಳತೆಗೂ ಸಿಗದು. ನೀರು ನಿಲ್ಲಿಸಿದಾಗ ಪೈಪಿನೊಳಗಿನ ಒತ್ತಡ ಕುಸಿದು, ನೀರು ಹೊರಗೆ ಹೋದ ತೂತಿನಿಂದಲೇ ಚರಂಡಿಯ ಕೊಳಕು ಒಳಕ್ಕೆ ಬರುತ್ತದೆ. ಬೀದಿಯ ಕೊನೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪಕ್ಕದ ಬೀದಿಯಲ್ಲಿ ಉಳಿದದ್ದು ಈ ಬೀದಿಯಲ್ಲಿ ಸೊನ್ನೆಯಾದರೆ ಮಕ್ಕಳಿಗೆ ವಾಂತಿಭೇದಿ ಶುರುವಾಗುವವರೆಗೆ ಕಾಯದೆ ಅಲ್ಲಿ ಹುಡುಕಬೇಕು. ಖಾಲಿ ಪೈಪಿಗೆ ಅನಿಲದ ಉಪಾಯವೂ ಉಂಟು: ಶೇ 5 ಹೈಡ್ರೋಜನ್, ಶೇ 95 ನೈಟ್ರೋಜನ್ ಬೆರೆಸಿ ತುಂಬುತ್ತಾರೆ. ಈ ಪ್ರಮಾಣದಲ್ಲಿ ಅದು ಹೊತ್ತಿಕೊಳ್ಳದು. ಹಗುರ ಹೈಡ್ರೋಜನ್ ತೂತಿನಿಂದ ನುಸುಳಿ ಮಣ್ಣಿನ ಮೂಲಕ ಮೇಲೇರಿದಾಗ ಸೆನ್ಸರ್ ಹಿಡಿಯುತ್ತದೆ.

ತೂತು ಸಿಕ್ಕಿ ಮುಚ್ಚಿದ ಮೇಲೂ ಕೆಲಸ ಮುಗಿಯುವುದಿಲ್ಲ. ಒಂದು ಸೋರಿಕೆ ನಿಂತಾಗ ಪೈಪಿನ ಒತ್ತಡ ಏರುತ್ತದೆ. ಗಟ್ಟಿ ಪೈಪಿನ ದುಂಡು ತೂತಿನಲ್ಲಿ ಒತ್ತಡ ನಾಲ್ಕು ಪಟ್ಟಾದರೆ ಸೋರಿಕೆ ಎರಡು ಪಟ್ಟು. ಪ್ಲಾಸ್ಟಿಕ್ ಪೈಪಿನ ಉದ್ದ ಬಿರುಕಾದರೆ ಒತ್ತಡಕ್ಕೆ ಬಾಯಿ ಅಗಲಿಸಿ ಇನ್ನೂ ಹೆಚ್ಚು ಸೋರುತ್ತದೆ. ಅಷ್ಟು ದಿನ ತಡೆದಿದ್ದ ಸವೆದ ಜಾಯಿಂಟು ಆಗ ಬಿಟ್ಟುಕೊಳ್ಳುತ್ತದೆ. ಹಾಗಾಗಿ ವಾರ ಕಳೆದ ಮೇಲೆ ಮತ್ತೆ ಟ್ಯಾಂಕಿಗೆ ಕೋಲು ಇಳಿಸಬೇಕು. ಗುಂಡಿಗೆ ಮಣ್ಣು ಎಳೆಯುವ ಮೊದಲು, ಪೈಪು ಯಾವುದು, ಎಷ್ಟು ಆಳದಲ್ಲಿದೆ, ಹತ್ತಿರದ ಲೈಟ್ ಕಂಬದಿಂದ ಎಷ್ಟು ದೂರ ಎಂದು ಬರೆದಿಡಬೇಕು. ಮುಂದಿನ ಸಲ ಕೋರಿಲೇಟರಿಗೆ 1,200 ಕೊಡಬೇಕೋ 450 ಕೊಡಬೇಕೋ ಎಂಬುದಕ್ಕೆ ಆ ಚೀಟಿ ಬಿಟ್ಟರೆ ಬೇರೆ ದಾಖಲೆ ಸಿಗುವುದು ಕಷ್ಟ.